ಸಿರಿಂಜ್‌ನಲ್ಲಿ ನೀರು ಹೋಯಿತು, ಕಣ್ಣೀರು ಮಾತ್ರ ನಿಲ್ಲಲಿಲ್ಲ

ಕಣ್ಣೀರಿನ ನಾಳ ಕಟ್ಟಿಕೊಂಡವರಿಗೆ ಡಿಸಿಆರ್ ಆಪರೇಷನ್ ಮಾಡುತ್ತೇವೆ. ಕಣ್ಣೀರಿನ ಚೀಲಕ್ಕೂ ಮೂಗಿಗೂ ನಡುವಿನ ಮೂಳೆಯಲ್ಲಿ ಕಿಂಡಿ ಕೊರೆದು ಹೊಸ ದಾರಿ ಬಿಡುವುದು. ಹೊರಗಿನಿಂದ ಚರ್ಮ ಕುಯ್ದು ಹೀಗೆ ಮಾಡುವ ಕ್ರಮವನ್ನು ಇಟಲಿಯ ಟೋಟಿ 1904ರಲ್ಲೇ ವಿವರಿಸಿದ್ದರು. ಆಪರೇಷನ್ ಆದಮೇಲೆ ದಾರಿ ನಿಜವಾಗಿ ಕೆಲಸ ಮಾಡುತ್ತಿದೆಯಾ ಎಂದು ನೋಡುವುದನ್ನು ನಾನು ಕಲಿತಿದ್ದು ಸ್ವಲ್ಪ ತಡವಾಗಿ.

ಮೊದಮೊದಲು ಸಿರಿಂಜಿಂಗ್ ಒಂದನ್ನೇ ನಂಬಿದ್ದೆ. ರೆಪ್ಪೆಯಂಚಿನ ಸಣ್ಣ ತೂತಿಗೆ ಮೊಂಡು ಸೂಜಿ ಇಟ್ಟು ಸಲೈನ್ ತಳ್ಳುವುದು. ‘ಗಂಟಲಿಗೆ ಉಪ್ಪುಪ್ಪು ಬಂತು’ ಎಂದರೆ ದಾರಿ ತೆರೆದಿದೆ ಎಂದು ಬರೆದು ಕಳಿಸುತ್ತಿದ್ದೆ.

ಹೂ ಕಟ್ಟಿ ಮಾರುವ ಒಬ್ಬ ಹೆಂಗಸು ಎಡಗಣ್ಣಿನ ಆಪರೇಷನ್ ಆಗಿ ಮೂರು ತಿಂಗಳಾದಮೇಲೆ ವಾಪಸ್ ಬಂದರು. ಕೀವು ನಿಂತಿತ್ತು. ಆದರೆ ‘ತಲೆ ಬಗ್ಗಿಸಿದರೆ ಕಣ್ಣೀರು ಹೂವಿನ ಮೇಲೆ ಬೀಳುತ್ತೆ ಡಾಕ್ಟ್ರೇ’ ಎಂದರು. ಸಿರಿಂಜಿಂಗ್ ಮಾಡಿದೆ, ನೀರು ಸರಾಗವಾಗಿ ಹೋಯಿತು. ಎಲ್ಲ ಸರಿಯಿದೆ ಎಂದುಬಿಟ್ಟೆ. ಅವರ ಮುಖ ಬಾಡಿತು.

ಆ ಮುಖ ನನ್ನನ್ನು ಬಿಡಲಿಲ್ಲ. ಸಿರಿಂಜ್‌ನಲ್ಲಿ ನೀರನ್ನು ತಳ್ಳುವುದು ನನ್ನ ಹೆಬ್ಬೆರಳು. ಕಣ್ಣೀರನ್ನು ತಳ್ಳುವವರು ಯಾರು? ಕಣ್ಣು ಮಿಟುಕಿಸಿದಾಗಲೆಲ್ಲ ರೆಪ್ಪೆಯ ಸ್ನಾಯು ಪಂಪಿನಂತೆ ಅದನ್ನು ಒಳಗೆ ಎಳೆದುಕೊಳ್ಳಬೇಕು. ನಾನು ಅದನ್ನು ಪರೀಕ್ಷೆಯೇ ಮಾಡಿರಲಿಲ್ಲ.

ವಾರ ಬಿಟ್ಟು ಬರಹೇಳಿದೆ. ಈ ಸಲ ಸೂಜಿ ಮುಟ್ಟಲಿಲ್ಲ. ಎರಡೂ ಕಣ್ಣಿಗೆ ಒಂದೊಂದು ಹನಿ 2% ಫ್ಲೋರೆಸೀನ್ ಬಣ್ಣ ಹಾಕಿ, ಸಹಜವಾಗಿ ಕಣ್ಣು ಮಿಟುಕಿಸುತ್ತಾ ಐದು ನಿಮಿಷ ಕೂರಲು ಹೇಳಿದೆ. ಇಲ್ಲೊಂದು ಕಷ್ಟ ಇದೆ. ವರ್ಷಗಟ್ಟಲೆ ನೀರು ಸುರಿಸಿಕೊಂಡವರ ಕೈ ತಾನಾಗಿ ಸೆರಗಿಗೆ ಹೋಗುತ್ತೆ. ಒಂದು ಸಲ ಒರೆಸಿದರೂ ಪರೀಕ್ಷೆ ಹಾಳು. ಅವರ ಎರಡೂ ಕೈ ಹಿಡಿದುಕೊಂಡು ಪಕ್ಕದಲ್ಲೇ ಕೂತೆ.

ಐದು ನಿಮಿಷದ ನಂತರ ಸ್ಲಿಟ್ ಲ್ಯಾಂಪಿನ (ಕಣ್ಣನ್ನು ದೊಡ್ಡದಾಗಿ ತೋರಿಸುವ ಉಪಕರಣ) ನೀಲಿ ಬೆಳಕಿನಲ್ಲಿ ನೋಡಿದೆ. ಬಲಗಣ್ಣಲ್ಲಿ ಬಣ್ಣ ಹೆಚ್ಚುಕಡಿಮೆ ಮಾಯ. ಆಪರೇಷನ್ ಆದ ಎಡಗಣ್ಣಲ್ಲಿ ಕೆಳರೆಪ್ಪೆಯ ಅಂಚಿಗೆ ದಪ್ಪ ಹಸಿರು ಗೆರೆ, ಹಾಗೇ ನಿಂತಿತ್ತು. ಮೂಗಿನೊಳಗೆ ಎಂಡೋಸ್ಕೋಪ್ ಹಾಕಿದೆ. ಡಿಸಿಆರ್ ಚೆನ್ನಾಗಿ ಕೆಲಸ ಮಾಡುತ್ತಿದ್ದರೆ ಹನಿ ಹಾಕಿದ ಒಂದು ನಿಮಿಷದೊಳಗೇ ಕಿಂಡಿಯ ಬಾಯಲ್ಲಿ ಹಸಿರು ಕಾಣಬೇಕು. ಕಿಂಡಿ ಅಗಲವಾಗಿ, ಶುಭ್ರವಾಗಿತ್ತು. ಕಲೆಗಟ್ಟಿದ ಪೊರೆ ಇಲ್ಲ, ಗಡ್ಡೆ ಇಲ್ಲ. ಹಸಿರೂ ಇಲ್ಲ.

ಹಾಗಾದರೆ ತೊಂದರೆ ಮೇಲೆಲ್ಲೋ ಇದೆ, ಅಲ್ವಾ? ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು ಬಿಟ್ಟೆ. ಟಕ್ಕನೆ ಕಣ್ಣಿಗೆ ಅಂಟಿಕೊಳ್ಳಬೇಕಾದದ್ದು ಜೋಲುತ್ತಾ ನಿಧಾನವಾಗಿ ಮರಳಿತು. ಕಣ್ಣೀರಿನ ತೂತು ಕೂದಲೆಳೆಯಷ್ಟು ಹೊರಕ್ಕೆ ತಿರುಗಿತ್ತು. ಸೆರಗಿನಿಂದ ಕೆಳಕ್ಕೆ, ಹೊರಕ್ಕೆ ಒರೆಸಿ ಒರೆಸಿ ರೆಪ್ಪೆ ಇನ್ನೂ ಸಡಿಲವಾಗಿತ್ತು. (ಅಂದಿನಿಂದ ಎಲ್ಲರಿಗೂ ಹೇಳುತ್ತೇನೆ: ಒರೆಸಲೇಬೇಕಾದರೆ ಮೂಗಿನ ಕಡೆಗೆ, ಮೇಲಕ್ಕೆ ಒತ್ತಿ ಒರೆಸಿ.)

ಈಗ ನನ್ನ ಕ್ರಮ ಬದಲಾಗಿದೆ. ಹೊಸ ದಾರಿ ಮುಚ್ಚದಂತೆ ಆಪರೇಷನ್‌ನಲ್ಲಿ ಇಟ್ಟ ಸಿಲಿಕೋನ್ ಟ್ಯೂಬ್ ತೆಗೆದಾದಮೇಲೆ ಮೊದಲು ಬಣ್ಣ, ಆಮೇಲೆ ಎಂಡೋಸ್ಕೋಪ್, ಕೊನೆಗೆ ಬೇಕಾದರೆ ಮಾತ್ರ ಸಿರಿಂಜಿಂಗ್. ಮೊದಲೇ ಸಿರಿಂಜ್ ಮಾಡಿದರೆ ದಾರಿಯೆಲ್ಲ ತೊಳೆದುಹೋಗಿ ಸಹಜ ಸ್ಥಿತಿ ಕಾಣುವುದಿಲ್ಲ. ಮೂಗು ಸೀದಿದಾಗ ಕಣ್ಣಿನ ಮೂಲೆಯಿಂದ ಗಾಳಿ ಬರುತ್ತೆ ಎಂದು ಗಾಬರಿಯಿಂದ ಬರುವವರೂ ಇದ್ದಾರೆ. ಅದು ಕಿಂಡಿ ತೆರೆದಿರುವ ಗುರುತು. ಆದರೆ ಅದೂ ಸಿರಿಂಜ್ ಹೇಳಿದಷ್ಟನ್ನೇ ಹೇಳುತ್ತೆ, ಜಾಸ್ತಿ ಅಲ್ಲ.

ಆ ಹೂವಿನ ಅಮ್ಮನಿಗೆ ರೆಪ್ಪೆ ಬಿಗಿ ಮಾಡುವ ಸಣ್ಣ ಆಪರೇಷನ್ ಮಾಡಿದೆ. ಊತವೆಲ್ಲ ಇಳಿದಮೇಲೆ ಮತ್ತೆ ಬಣ್ಣದ ಹನಿ, ಮತ್ತೆ ಐದು ನಿಮಿಷ. ಈ ಸಲ ಕೈ ಹಿಡಿಯಬೇಕಾಗಲಿಲ್ಲ, ಅವರೇ ಮಡಿಲಲ್ಲಿ ಕಟ್ಟಿಕೊಂಡು ಕೂತಿದ್ದರು. ಎರಡೂ ಕಣ್ಣು ಒಂದೇ ಥರ ಇತ್ತು. ಬಿಳಿ ಟಿಶ್ಯೂ ಕೊಟ್ಟು, ಬಲಗಡೆ ಮುಚ್ಚಿ ಎಡ ಹೊಳ್ಳೆಯಿಂದ ಮೂಗು ಸೀದಲು ಹೇಳಿದೆ. ಅದರ ಮೇಲೆ, ನೀಲಿ ಬೆಳಕಿಲ್ಲದಾಗ ಹಳದಿಯಾಗಿ ಕಾಣುವ ಅದೇ ಬಣ್ಣದ ಕಲೆ ಮೂಡಿತು. ಅದನ್ನೇ ಅವರಿಗೂ ತೋರಿಸಿದೆ.