ಮನೆ ಸಾಲ ಸುಸ್ತಿಯಾದಾಗ: ನೋಟಿಸ್‌ನಿಂದ ಹರಾಜಿನವರೆಗೆ ಬ್ಯಾಂಕ್ ವಕೀಲರ ಕೆಲಸ

ಕಂತು 90 ದಿನ ಮೀರಿ ಬಾಕಿ ಉಳಿದು ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಯಿತೆಂದರೆ ಮ್ಯಾನೇಜರ್ ಕೇಳುವುದು ಒಂದೇ: ‘ವಕೀಲರೇ, ನೋಟಿಸ್ ಯಾವಾಗ ಹೋಗ್ತದ?’ ಅದಕ್ಕೂ ಮೊದಲು ಕಡತ ಬಿಚ್ಚಬೇಕು. ಅಡಮಾನದ ಆಸ್ತಿಯಿಂದ ಬ್ಯಾಂಕೇ ಸಾಲ ವಸೂಲು ಮಾಡಲು ಬಿಡುವ 2002ರ ಸರ್ಫೇಸಿ ಕಾಯ್ದೆಯಡಿ ದಾವೆ ಹೂಡದೆಯೇ ಮನೆ ಹರಾಜು ಹಾಕಬಹುದು, ನಿಜ. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರ ಇದೆ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪತ್ತಿನ ಸಹಕಾರ ಸಂಘಗಳಿಗೆ ಈ ದಾರಿ ಇಲ್ಲ.

ಅಡಮಾನ ಸೆರ್ಸೈನಲ್ಲಿ (ಅಡಮಾನಗಳ ಕೇಂದ್ರ ನೋಂದಣಿ ದಾಖಲೆ) ನೋಂದಣಿ ಆಗಿರದಿದ್ದರೆ ಅಲ್ಲಿಗೇ ನಿಲ್ಲಿಸಿ, ಮೊದಲು ನೋಂದಣಿ ಮಾಡಿಸಿ. ಸಾಲ ಒಂದು ಲಕ್ಷ ರೂಪಾಯಿ ಮೀರಿರಬೇಕು; ಬಾಕಿ ಅಸಲು–ಬಡ್ಡಿಯ ಶೇ 20ಕ್ಕಿಂತ ಕಡಿಮೆ ಇರಬಾರದು.

ನಮ್ಮ ಭಾಗದಲ್ಲಿ ಹೆಚ್ಚು ಕಾಡುವುದು ಎನ್‌ಎ, ಅಂದರೆ ಹೊಲವನ್ನು ಕೃಷಿಯೇತರ ಬಳಕೆಗೆ ಪರಿವರ್ತಿಸಿದ ಆದೇಶ. ಕಲಬುರಗಿ, ಬೀದರ್ ಊರಂಚಿನಲ್ಲಿ ಎರಡಂತಸ್ತಿನ ಮನೆ ಎದ್ದಿರುತ್ತದೆ, ಪಹಣಿಯಲ್ಲಿ ಮಾತ್ರ ಇನ್ನೂ ಹೊಲ. ಕೃಷಿ ಜಮೀನಿಗೆ ಸರ್ಫೇಸಿ ಅನ್ವಯಿಸದು. ಪಹಣಿಯ ನಮೂದೊಂದೇ ಸಾಲದು, ಅಲ್ಲಿ ನಿಜಕ್ಕೂ ಬೇಸಾಯ ಇದೆಯೇ ನೋಡಬೇಕು ಎಂದು ನ್ಯಾಯಾಲಯಗಳು ಹೇಳಿವೆಯಾದರೂ, ಆ ವಾದ ಮುಗಿಯುವಷ್ಟರಲ್ಲಿ ತಿಂಗಳುಗಳು ಉರುಳುತ್ತವೆ. ಸಾಲ ಕೊಡುವ ಮೊದಲೇ ಪರಿವರ್ತನಾ ಆದೇಶದ ಪ್ರತಿ ಕಡತಕ್ಕೆ ಸೇರಿರಬೇಕಿತ್ತು. ಮೂಲಪತ್ರ ಉರ್ದುವಿನಲ್ಲಿದ್ದರೆ ದೃಢೀಕೃತ ಅನುವಾದ ಈಗಲೇ ಮಾಡಿಸಿ, ಹರಾಜಿಗೆ ಬರುವವರು ಕೇಳಿಯೇ ಕೇಳುತ್ತಾರೆ. ಅದರಲ್ಲಿ ಫಸಲಿ (ನಿಜಾಮರ ಕಾಲದ ಕಂದಾಯ ವರ್ಷ) 1358 ಎಂದಿದ್ದರೆ ಇಸವಿಗೆ 590 ಕೂಡಿಸಿ: 1948–49.

ಇನ್ನು ಕಲಂ 13(2)ರ ನೋಟಿಸ್, ಅಂದರೆ 60 ದಿನದೊಳಗೆ ಬಾಕಿ ಕಟ್ಟಿ ಎಂಬ ಬೇಡಿಕೆ. ಬಾಕಿ ಮೊತ್ತ, ಬಡ್ಡಿ ಯಾವ ತಾರೀಖಿನವರೆಗೆ, ಆಸ್ತಿಯ ಚಕ್ಕುಬಂದಿ ಎಲ್ಲವೂ ಇರಲಿ. ಜಂಟಿ ಸಾಲಗಾರ, ಜಾಮೀನುದಾರರಿಗೆ ಬೇರೆ ಬೇರೆಯಾಗಿ ಕಳಿಸಿ. ಆ 60 ದಿನವನ್ನು ನೋಟಿಸ್ ತಲುಪಿದ ದಿನದಿಂದ ಎಣಿಸಿದರೆ ತಕರಾರಿಗೆ ಜಾಗ ಇರದು.

ಪ್ರಕರಣ ಬೀಳುವುದು ಹೆಚ್ಚಾಗಿ ಈ ಅವಧಿಯಲ್ಲೇ. ಸಾಲಗಾರ ಬಿಳಿ ಹಾಳೆಯ ಮೇಲೆ ನಾಲ್ಕು ಸಾಲಿನ ಆಕ್ಷೇಪ ಬರೆದು ಬ್ರಾಂಚಿನಲ್ಲಿ ಕೊಟ್ಟು, ಸೀಲ್ ಹಾಕಿಸಿಕೊಂಡು ಹೋಗಿರುತ್ತಾನೆ. ಆ ಹಾಳೆ ಡ್ರಾಯರ್‌ನಲ್ಲಿ ಉಳಿಯುತ್ತದೆ. ಅದಕ್ಕೆ ಬ್ಯಾಂಕ್ 15 ದಿನದೊಳಗೆ ಕಾರಣ ಸಹಿತ ಉತ್ತರ ಕೊಡಲೇಬೇಕು. ‘ನಿಮ್ಮ ಆಕ್ಷೇಪ ತಿರಸ್ಕರಿಸಲಾಗಿದೆ’ ಎಂಬ ಒಂದು ಸಾಲು ಉತ್ತರವಲ್ಲ. ನೋಟಿಸ್ ಹೋದ ದಿನದಿಂದ ಬ್ರಾಂಚಿನ ಆವಕ ರಿಜಿಸ್ಟರನ್ನು ವಾರಕ್ಕೊಮ್ಮೆ ವಕೀಲರೇ ನೋಡುವುದು ಒಳ್ಳೆಯದು.

ಅವಧಿ ಮುಗಿದ ಮೇಲೆ ಸಾಂಕೇತಿಕ ಸ್ವಾಧೀನ, ಅಂದರೆ ಮನೆಯವರನ್ನು ಹೊರಹಾಕದೆ ಕಾಗದದ ಮೇಲಷ್ಟೇ ವಶ. ಸ್ವಾಧೀನದ ನೋಟಿಸನ್ನು ಬಾಗಿಲಿಗೆ ಅಂಟಿಸಿ ಫೋಟೊ ತೆಗೆಯಿರಿ. 7 ದಿನದೊಳಗೆ ಎರಡು ಪತ್ರಿಕೆಗಳಲ್ಲಿ ಪ್ರಕಟಿಸಿ, ಒಂದು ಸ್ಥಳೀಯ ಭಾಷೆಯದಿರಬೇಕು. ಪತ್ರಿಕೆ ಆ ಊರಲ್ಲಿ ಓಡಾಡುವಂಥದ್ದಿರಲಿ. ಯಾದಗಿರಿಯ ಮನೆಗೆ ಬೆಂಗಳೂರು ಆವೃತ್ತಿಯಲ್ಲಷ್ಟೇ ಜಾಹೀರಾತು ಕೊಟ್ಟು ದುಡ್ಡು ಉಳಿಸಲು ಹೋಗಬೇಡಿ.

ಮನೆಯವರು ಬಿಟ್ಟುಕೊಡದಿದ್ದರೆ ಕಲಂ 14ರಡಿ ಡಿಸಿ ಅಥವಾ ಸಿಜೆಎಂ (ಮುಖ್ಯ ನ್ಯಾಯಿಕ ದಂಡಾಧಿಕಾರಿ) ಮುಂದೆ ಅರ್ಜಿ. ಜೊತೆಗಿನ ಪ್ರಮಾಣಪತ್ರದಲ್ಲಿ ಒಂಬತ್ತು ಅಂಶ ಇರಬೇಕು, ಒಂದು ಬಿಟ್ಟರೂ ವಾಪಸ್ ಬರುತ್ತದೆ. ಆದೇಶಕ್ಕೆ 30 ದಿನ, ಕಾರಣ ಬರೆದರೆ ಒಟ್ಟು 60.

ಹರಾಜಿಗೆ ಮೌಲ್ಯಮಾಪನ, ಮೀಸಲು ಬೆಲೆ (ಹರಾಜಿನ ಕನಿಷ್ಠ ಬೆಲೆ), 30 ದಿನದ ಮಾರಾಟ ನೋಟಿಸ್. ಅದು ಪ್ರಕಟವಾಗುವವರೆಗೆ ಪೂರ್ತಿ ಬಾಕಿ ಕಟ್ಟಿ ಮನೆ ಬಿಡಿಸಿಕೊಳ್ಳುವ ಹಕ್ಕು ಸಾಲಗಾರನಿಗಿದೆ. ಗೆದ್ದವರು ಶೇ 25ನ್ನು ಅದೇ ದಿನ ಅಥವಾ ಮುಂದಿನ ಕೆಲಸದ ದಿನದೊಳಗೆ, ಉಳಿದದ್ದನ್ನು ಮಾರಾಟ ದೃಢಪಟ್ಟ 15 ದಿನದಲ್ಲಿ ಕಟ್ಟಬೇಕು.

ಸ್ವಾಧೀನದ ಕ್ರಮ ಪ್ರಶ್ನಿಸಲು ಸಾಲಗಾರನಿಗೆ 45 ದಿನ ಇದೆ, ಆದರೆ ಅದನ್ನು ಕೇಳುವ ಡಿಆರ್‌ಟಿ (ಸಾಲ ವಸೂಲಾತಿ ನ್ಯಾಯಮಂಡಳಿ) ಇರುವುದು ಬೆಂಗಳೂರಿನಲ್ಲಿ. ಅಷ್ಟು ದೂರ ಏಕೆಂದು ಬಹಳ ಮಂದಿ ಹೈಕೋರ್ಟ್ ಕಲಬುರಗಿ ಪೀಠಕ್ಕೆ ರಿಟ್ ಹಾಕುತ್ತಾರೆ. ಆದ್ದರಿಂದ ಬಾಗಿಲಿಗೆ ನೋಟಿಸ್ ಅಂಟಿಸುವ ಮುನ್ನವೇ ಎರಡೂ ಕಡೆ ಕೇವಿಯಟ್ (ನಮ್ಮನ್ನು ಕೇಳದೆ ಆದೇಶ ಕೊಡಬೇಡಿ ಎಂಬ ಅರ್ಜಿ) ಹಾಕಿಡಿ. ಅದರ ಆಯಸ್ಸು 90 ದಿನ. ಮುಗಿಯುವ ತಾರೀಖನ್ನು ಕಡತದ ಮೇಲೆಯೇ ಬರೆದಿಡಿ.