ಕಾಫಿ ಕೊಯ್ಲಿಗೆ ಮೊದಲು ಡ್ಯಾಂಪರ್ ಪುಲ್ಲಿ ನೋಡಿಕೊಳ್ಳಿ

ಕೊಡಗಿನಲ್ಲಿ ಮಳೆ ನಿಂತು ಅರೇಬಿಕಾ ಹಣ್ಣಾಗುವ ಹೊತ್ತಿಗೆ ತೋಟದ ಜೀಪು, ಪಿಕಪ್‌ಗಳು ಗ್ಯಾರೇಜ್ ಸೇರುತ್ತವೆ. ಬ್ರೇಕ್, ಕ್ಲಚ್, ಟಯರ್ ಎಲ್ಲ ನೋಡಿಸುತ್ತೇವೆ. ಎಂಜಿನ್ನಿನ ಮುಂದಿರುವ ಕ್ರ್ಯಾಂಕ್ ಪುಲ್ಲಿಯ ಕಡೆ ಮಾತ್ರ ಗಮನ ಹೋಗುವುದು ಕಡಿಮೆ. ಬೆಲ್ಟ್ ತಿರುಗಿಸುವುದಷ್ಟೇ ಅದರ ಕೆಲಸ ಅಂದುಕೊಂಡಿರುತ್ತೇವೆ, ಅಲ್ವಾ? ಎಷ್ಟೋ ಡೀಸೆಲ್ ಎಂಜಿನ್‌ಗಳಲ್ಲಿ ಕ್ರ್ಯಾಂಕ್ ಶಾಫ್ಟ್ (ಪಿಸ್ಟನ್‌ಗಳು ತಿರುಗಿಸುವ ಮುಖ್ಯ ದಂಡ) ಮುರಿಯದಂತೆ ಕಾಯುವುದೂ ಅದೇ.

ಉಕ್ಕಿನ ಶಾಫ್ಟ್ ಕೂಡ ತಿರುಚಿಕೊಳ್ಳುತ್ತದೆ. ಸಿಲಿಂಡರಿನಲ್ಲಿ ಡೀಸೆಲ್ ಉರಿದಾಗಲೆಲ್ಲ ಅದಕ್ಕೊಂದು ಏಟು ಬೀಳುತ್ತದೆ. ಹಿಂದಿನ ತುದಿಯಲ್ಲಿ ಭಾರದ ಫ್ಲೈವೀಲ್ ಇರುವುದರಿಂದ ಅಲ್ಲಿ ಅಲುಗಾಟ ಕಡಿಮೆ. ಮುಂದಿನ ತುದಿ ಚೂರು ತಿರುಚಿ, ಮತ್ತೆ ಮರಳುತ್ತದೆ. ಕಣ್ಣಿಗೆ ಕಾಣುವಂಥದ್ದಲ್ಲ. ನಾಲ್ಕು ಸಿಲಿಂಡರಿನ ಫೋರ್ ಸ್ಟ್ರೋಕ್ ಜೀಪು 2400 ಆರ್‌ಪಿಎಂನಲ್ಲಿ ಸಂಪಾಜೆ ಘಾಟಿ ಹತ್ತುತ್ತಿದೆ ಅನ್ನಿ. ಸೆಕೆಂಡಿಗೆ 40 ಸುತ್ತು, ಸುತ್ತಿಗೆ 2 ಏಟು. ಅಲ್ಲಿಗೆ ಸೆಕೆಂಡಿಗೆ 80 ಏಟು! ಹೀಗೆ ತಿರುಚಿ ಮರಳಲು ಶಾಫ್ಟಿಗೆ ತನ್ನದೇ ಒಂದು ಲಯ ಇರುತ್ತದೆ. ಏಟುಗಳು ಆ ಲಯಕ್ಕೆ ಕೂಡಿಬಂದರೆ ಅಲುಗಾಟ ಜಾಸ್ತಿಯಾಗುತ್ತ ಹೋಗುತ್ತದೆ. ತುಂಬ ದಿನ ಹೀಗೇ ಓಡಿದರೆ ಉಕ್ಕು ಬಿರುಕು ಬಿಟ್ಟು ಶಾಫ್ಟ್ ತುಂಡಾಗಬಹುದು.

ಈ ಪುಲ್ಲಿಯಲ್ಲೇ ಸೇರಿರುವ ಡ್ಯಾಂಪರ್ ಇರುವುದು ಇದನ್ನು ತಡೆಯಲಿಕ್ಕೆ. ಒಳಗೆ ಶಾಫ್ಟಿಗೆ ಬಿಗಿದ ಹಬ್, ಹೊರಗೆ ಭಾರದ ಬಳೆ, ನಡುವೆ ರಬ್ಬರ್. ಶಾಫ್ಟ್ ಅಲುಗಿದಾಗ ಬಳೆ ಅದರ ಜತೆ ಹೋಗದೆ ಹಿಡಿದೆಳೆಯುತ್ತದೆ. ಆ ಎಳೆದಾಟದ ಶಕ್ತಿ ರಬ್ಬರಿನಲ್ಲಿ ಬಿಸಿಯಾಗಿ ಕಳೆದುಹೋಗುತ್ತದೆ.

ಪರೀಕ್ಷೆಗೆ ಮೊದಲು ಎಂಜಿನ್ ನಿಲ್ಲಿಸಿ, ಕೀ ತೆಗೆದು, ಆರಲು ಬಿಡಿ. ಪುಲ್ಲಿಗೆ ಮೆತ್ತಿದ ಕೆಸರನ್ನು ಸೋಪಿನ ನೀರಿನಲ್ಲಿ ತೊಳೆಯಿರಿ. ಡೀಸೆಲ್ ಹಾಕಿ ಒರೆಸಬೇಡಿ, ರಬ್ಬರ್ ಹಾಳಾಗುತ್ತದೆ. ಕೆಲವು ಎಂಜಿನ್‌ಗಳಲ್ಲಿ ರಬ್ಬರ್ ಇಲ್ಲದ ಸಾದಾ ಪುಲ್ಲಿಯೇ ಇರುತ್ತದೆ, ಅಂಥದ್ದಕ್ಕೆ ಈ ಪರೀಕ್ಷೆ ಬೇಡ. ರಬ್ಬರ್ ಇದ್ದರೆ ಟಾರ್ಚ್ ಬಿಟ್ಟು ಸುತ್ತಲೂ ನೋಡಿ. ಬಿರುಕು ಬಿಟ್ಟಿದೆಯೇ? ಉಬ್ಬಿ ಹೊರಗೆ ಬಂದಿದೆಯೇ? ಮುಂದಿನ ಸೀಲಿನಿಂದ ಆಯಿಲ್ ಸೋರಿ ನೆನೆದಿದೆಯೇ?

ಆಮೇಲೆ ಹಬ್, ರಬ್ಬರ್, ಬಳೆ ಮೂರರ ಮೇಲೂ ಹಾದುಹೋಗುವ ಹಾಗೆ ಬಿಳಿ ಪೇಂಟಿನಲ್ಲಿ ಒಂದು ನೇರ ಗೆರೆ ಎಳೆಯಿರಿ. ಕೆಲವು ದಿನ ಗಾಡಿ ಓಡಿಸಿ ಮತ್ತೆ ನೋಡಿ. ಗೆರೆ ತುಂಡಾಗಿ ಪಕ್ಕಕ್ಕೆ ಸರಿದಿದ್ದರೆ ಬಳೆ ಜಾರಿದೆ ಅಂತ ಅರ್ಥ. ಟೈಮಿಂಗ್ ಗುರುತು (ಡೀಸೆಲ್ ಸಿಂಪಡಿಸುವ ಹೊತ್ತು ಹೊಂದಿಸಲು ನೋಡುವ ಗೆರೆ) ಬಳೆಯ ಮೇಲಿದ್ದರೆ ಅದನ್ನೂ ಇನ್ನು ನಂಬಬೇಡಿ. ಎಂಜಿನ್ ಐಡ್ಲಿಂಗಿನಲ್ಲಿರುವಾಗ ದೂರದಿಂದ ನೋಡಿ. ಪುಲ್ಲಿ ಓಲಾಡಿದರೆ, ಬೆಲ್ಟ್ ಪದೇ ಪದೇ ಕಳಚಿದರೆ ಬಿಚ್ಚಿ ನೋಡಲೇಬೇಕು. ಬೆಲ್ಟಿನ ಹತ್ತಿರ ಕೈ, ಶಾಲು, ಸಡಿಲ ಬಟ್ಟೆ ಬೇಡ.

ಬದಲಿಸುವಾಗ ಪುಲ್ಲರ್ (ಪುಲ್ಲಿ ಎಳೆದು ತೆಗೆಯುವ ಸಾಧನ) ಹಬ್ಬಿಗೇ ಹಿಡಿಯಬೇಕು. ಬಳೆಯನ್ನು ಹಿಡಿದು ಎಳೆದರೆ ರಬ್ಬರ್ ಕಿತ್ತು ಬರುತ್ತದೆ. ಹೊಸದನ್ನು ಸುತ್ತಿಗೆಯಲ್ಲಿ ಬಡಿದು ಕೂರಿಸಲು ಬಿಡಬೇಡಿ. ಬೋಲ್ಟನ್ನು ಕಂಪನಿಯ ಮ್ಯಾನ್ಯುಯಲ್ ಹೇಳಿದಷ್ಟೇ ಬಿಗಿತ ಅಳೆಯುವ ಟಾರ್ಕ್ ವ್ರೆಂಚಿನಲ್ಲಿ ಬಿಗಿಸಿ.

ದುಡ್ಡು ಉಳಿಸಲು ಜಾರಿದ ಬಳೆಯನ್ನು ಹಬ್ಬಿಗೆ ವೆಲ್ಡ್ ಮಾಡಿಸಬೇಡಿ. ಡ್ಯಾಂಪರ್ ಇದ್ದ ಎಂಜಿನ್ನಿಗೆ ಅದರ ಬದಲು ಸಾದಾ ಪುಲ್ಲಿಯನ್ನೂ ಹಾಕಿಸಬೇಡಿ. ಬೆಲ್ಟ್ ಚೆನ್ನಾಗಿಯೇ ತಿರುಗುತ್ತದೆ, ಆದರೆ ಶಾಫ್ಟಿನ ತಿರುಚಾಟವನ್ನು ತಡೆಯುವವರು ಯಾರೂ ಇರುವುದಿಲ್ಲ.