ಸ್ಯಾಪ್ ಆರ್ಡರ್ ಸ್ಟೇಟಸ್ ಬದಲಾಗದಿದ್ದರೆ
ಕಂಪನಿಗಳ ವ್ಯವಹಾರ ನಿರ್ವಹಿಸುವ ಸಾಫ್ಟ್‌ವೇರ್ ಆದ ಸ್ಯಾಪ್‌ನಲ್ಲಿ ಬಿಎಸ್007 ಎರರ್ (ಈಗಿನ ಸ್ಟೇಟಸ್‌ನಲ್ಲಿ ಈ ಕೆಲಸಕ್ಕೆ ಅನುಮತಿ ಇಲ್ಲ ಎಂಬ ಸಂದೇಶ) ಬಂದರೆ ಆರ್ಡರ್‌ನ ಸ್ಟೇಟಸ್ ಸ್ಕ್ರೀನ್ ತೆರೆದು, 'ಬಿಸಿನೆಸ್ ಪ್ರೋಸೆಸಸ್' ಟ್ಯಾಬ್‌ನಲ್ಲಿ ತಡೆಯಾದ ಸಾಲನ್ನು ಆರಿಸಿ 'ಟ್ರಾನ್ಸಾಕ್ಷನ್ ಅನಾಲಿಸಿಸ್' ಒತ್ತಿ. ತಡೆಯುತ್ತಿರುವ ಸ್ಟೇಟಸ್ ಯಾವುದೆಂದು ಅಲ್ಲೇ ಕಾಣುತ್ತದೆ. ಉಳಿದವೆಲ್ಲ ಅನುಮತಿ ಕೊಟ್ಟರೂ ಒಂದೇ ಒಂದು ಸ್ಟೇಟಸ್ ಬೇಡವೆಂದರೆ ಕೆಲಸ ನಿಲ್ಲುತ್ತದೆ, ಆದ್ದರಿಂದ ಪಟ್ಟಿಯನ್ನು ಪೂರ್ತಿ ನೋಡಿ. ಅಡ್ಡಿ ಟೆಕೊ (ಟೆಕ್ನಿಕಲ್ ಕಂಪ್ಲೀಷನ್, ಅಂದರೆ ಆರ್ಡರ್‌ನ ಕೆಲಸ ಮುಗಿದಿದೆ ಎಂಬ ಸ್ಟೇಟಸ್) ಆಗಿದ್ದರೆ ಅದನ್ನು ರದ್ದು ಮಾಡಿ. ಯೂಸರ್ ಸ್ಟೇಟಸ್ (ಕಂಪನಿಯೇ ರೂಪಿಸಿಕೊಂಡ ಸ್ಟೇಟಸ್) ಆಗಿದ್ದರೆ ಬಿಎಸ್03 ಟ್ರಾನ್ಸಾಕ್ಷನ್ ಕೋಡ್‌ನಲ್ಲಿ ಅದರ ಪ್ರೊಫೈಲ್ ತೆರೆದು ಯಾವುದಕ್ಕೆ ನಿಷೇಧ ಹಾಕಿದ್ದಾರೆ ನೋಡಿ. ಎಷ್ಟೇ ಅವಸರವಿದ್ದರೂ ಸ್ಟೇಟಸ್‌ಗಳನ್ನು ಉಳಿಸಿಡುವ ಜೆಸ್ಟ್ ಟೇಬಲ್ ಅನ್ನು ನೇರವಾಗಿ ತಿದ್ದಬೇಡಿ, ದಯವಿಟ್ಟು: ಸ್ಟೇಟಸ್ ಮಾತ್ರ ಬದಲಾಗುತ್ತದೆ, ಅದರ ಜೊತೆ ಆಗಬೇಕಾದ ಉಳಿದ ಅಪ್‌ಡೇಟ್ ಆಗುವುದಿಲ್ಲ. ಅನಾಲಿಸಿಸ್‌ನಲ್ಲಿ ಅಡ್ಡಿಯೇ ಕಾಣದಿದ್ದರೆ ತೊಂದರೆ ಬೇರೆಡೆ ಇದೆ. ಎರರ್ ಬಂದ ಕೂಡಲೇ ಅದೇ ಯೂಸರ್ ಲಾಗಿನ್‌ನಲ್ಲಿ ಎಸ್‌ಯು53 (ಅಧಿಕಾರ ತಪಾಸಣೆ ಎಲ್ಲಿ ವಿಫಲವಾಯಿತೆಂದು ತೋರಿಸುವ ಟ್ರಾನ್ಸಾಕ್ಷನ್ ಕೋಡ್) ನಡೆಸಿ ಅಧಿಕಾರದ ಕೊರತೆ ಇದೆಯೇ ನೋಡಿ, ಅಲ್ಲೂ ಸಿಗದಿದ್ದರೆ ಯೂಸರ್ ಎಕ್ಸಿಟ್ ಕೋಡ್ (ಸ್ಯಾಪ್‌ನಲ್ಲಿ ಕಂಪನಿ ಸೇರಿಸಿಕೊಂಡ ತನ್ನದೇ ಪ್ರೋಗ್ರಾಮ್) ಪರಿಶೀಲಿಸಿ.